ಹಪ್ಪಳ ಕಾಯ್ದ ಡಿಸ್ಕು

ಡಿಸ್ಕು ಕೆಟ್ಟಿದ್ದು ನನ್ನಿಂದ. ಅದರಲ್ಲಿ ಕಂಡದ್ದನ್ನು ನೋಡಿ ಹೆದರಿದವನು ನನ್ನ ಅಳಿಯ. ನಮ್ಮಿಬ್ಬರ ನಡುವೆ ಸಿಕ್ಕಿ ಒದ್ದಾಡಿದವಳು ಮೊಮ್ಮಗಳು. ನಡೆದದ್ದು ಇಷ್ಟೇ. ಇದನ್ನೇ ಅಳಿಯ ಹೇಳಿದರೆ ಕರೆಂಟಿನಿಂದ ಶುರುವಾಗಿ, ಪ್ಲೇಯರಿನ ವಯಸ್ಸಿಗೆ ಬಂದು, ಈಗಿನ ಕಾಲದ ವೈರು ಸರಿಯಿಲ್ಲ ಎನ್ನುವಲ್ಲಿಗೆ ನಿಲ್ಲುತ್ತದೆ. ಮಗಳು ಹೇಳಿದರೆ ‘ಏನೋ ಆಯ್ತು ಬಿಡಿ’ ಎಂದು ಒಂದೇ ಉಸಿರಿಗೆ ಮುಗಿಯುತ್ತದೆ. ನನಗೆ ಎರಡೂ ಆಗುವುದಿಲ್ಲ. ನಾನು ಕಾರ್ಗಲ್ಲಿನಲ್ಲಿ ಮೆಸ್ ನಡೆಸಿದವಳು. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಬಡಿಸುವ ಮೊದಲೇ ‘ಇವತ್ತು ಉಪ್ಪು ಜಾಸ್ತಿ, ಅನ್ನ ಹೆಚ್ಚು ಹಾಕ್ಕಳಿ’ ಎಂದು ಹೇಳಿಬಿಡುತ್ತಿದ್ದೆ. ಉಣ್ಣುವವರು ಬೈಯುವ ಮೊದಲೇ ನಾವು ಹೇಳಿಬಿಟ್ಟರೆ ಅವರಿಗೆ ಬೈಯಲು ಏನೂ ಉಳಿಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಅಭ್ಯಾಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಸುತ್ತಿಬಳಸಿ ಹೇಳುವಷ್ಟು ಮಾತು ಬರುವುದೂ ಇಲ್ಲ.

ಮೊಮ್ಮಗಳ ಹೆಸರು ಅಪೂರ್ವ, ಕರೆಯುವುದು ಅಪ್ಪಿ ಅಂತ. ಹೈಸ್ಕೂಲು. ಸಾಗರದಲ್ಲಿ ಒಬ್ಬರು ಟೀಚರು ಹುಡುಗಿಯರ ಕಾಲಿಗೆ ಚಕ್ರದ ಬೂಟು ಹಾಕಿಸಿ ಆಟ ಕಲಿಸುತ್ತಾರೆ, ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಬರೀ ಓಡುವುದಾದರೆ ಅಳಿಯನ ತಕರಾರಿರಲಿಲ್ಲ. ಇದು ಗುದ್ದಾಡುವ ಆಟ. ರೋಲರ್ ಡರ್ಬಿ ಅಂತ ಹೆಸರು. ಎರಡು ಪಂಗಡದ ಹುಡುಗಿಯರು ಸುತ್ತು ಹೊಡೆಯುತ್ತಾರೆ. ಒಬ್ಬಳು ಎದುರಿನ ಗುಂಪನ್ನು ಸೀಳಿಕೊಂಡು ಮುಂದೆ ಹೋಗಬೇಕು, ಆ ಗುಂಪಿನವರು ಅವಳನ್ನು ಸೊಂಟದಿಂದ, ಭುಜದಿಂದ ಗುದ್ದಿ ತಡೆಯಬೇಕು. ‘ಬೇಕಂತಲೇ ಗುದ್ದೋದಾ?’ ಎಂದು ಕೇಳಿದೆ. ‘ಹೂಂ ಅಜ್ಜಿ, ಬೇಕಂತಲೇ.’ ನನಗೆ ಆಟ ಹಿಡಿಸಿತು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಜಾಗ ಹಿಡಿಯುವಾಗ ನಾವೆಲ್ಲ ಆಡಿದ್ದು ಇದನ್ನೇ. ಕಾಲಿಗೆ ಚಕ್ರ ಒಂದು ಇರಲಿಲ್ಲ.

ಅಪ್ಪಿಯದು ಗುಂಪು ಸೀಳಿಕೊಂಡು ಹೋಗುವ ಜಾಗ. ತೀರ್ಥಹಳ್ಳಿಯಲ್ಲಿ ಮೊದಲನೇ ಸಲ ಜನರ ಎದುರಿಗೆ ಆಡುವುದಿತ್ತು. ಸಾಗರದಿಂದ ಟೆಂಪೋ ಹೊರಟು, ಹೊಸನಗರದಲ್ಲಿ ಇಬ್ಬರು ಹುಡುಗಿಯರನ್ನು ಹತ್ತಿಸಿಕೊಂಡು ತೀರ್ಥಹಳ್ಳಿಗೆ ಹೋಗುವುದು. ಅಪ್ಪಿ ಹೋಗದಿದ್ದರೆ ಅವಳ ಜಾಗಕ್ಕೆ ಆ ಹೊಸನಗರದವಳೊಬ್ಬಳು ಕಾದು ಕೂತಿದ್ದಳು. ಒಮ್ಮೆ ಬಿಟ್ಟರೆ ಹೋಯಿತು. ಅಪ್ಪ ಹೂಂ ಅನ್ನಬೇಕಿತ್ತು, ಅವನು ಅಂದಿರಲಿಲ್ಲ.

ಅಳಿಯ ನಾಗರಾಜನಿಗೆ ಎದುರಿಗೆ ‘ನೀವು’ ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೈಗೆ ಬರುವುದಿಲ್ಲ. ಕರೆಂಟಿನ ಕೆಲಸ ಅವನದು. ನಾವು ದೂರದಿಂದ ನೋಡಿದರೇ ರೋಮ ನಿಲ್ಲುವಂಥ ತಂತಿಗಳ ನಡುವೆ ಊಟದ ಡಬ್ಬಿ ಹಿಡಿದುಕೊಂಡು ಓಡಾಡುತ್ತಾನೆ. ಮಗಳ ಮೊಣಕಾಲು ತರಚಿದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತದೆ. ಅಪ್ಪಿ ಚಿಕ್ಕವಳಿದ್ದಾಗ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಬಿದ್ದು ಗಲ್ಲಕ್ಕೆ ಹೊಲಿಗೆ ಬಿದ್ದಿತ್ತು. ಆಗ ಎತ್ತಿಕೊಂಡು ಓಡಿದವನು ಅವನು. ಈಗಲೂ ಅವಳ ಹತ್ತಿರ ಮಾತಾಡುವಾಗ ಕಣ್ಣು ಆ ಗಲ್ಲದ ಮೇಲೇ ಇರುತ್ತದೆ. ‘ಬೇಡ’ ಅನ್ನುವ ಜಾತಿಯಲ್ಲ ಅವನು. ‘ಮುಂದಿನ ಸಲ ನೋಡೋಣ’ ಅನ್ನುತ್ತಾನೆ. ಸೈಕಲ್ಲು ಮುಂದಿನ ಸಲ, ಈಜು ಮುಂದಿನ ಸಲ. ಆ ಮುಂದಿನ ಸಲ ಎನ್ನುವುದು ನಮ್ಮ ಮನೆಗೆ ಇದುವರೆಗೆ ಬಂದಿಲ್ಲ.

ಇದು ಟೀಚರಿಗೂ ಗೊತ್ತಾಗಿರಬೇಕು. ಒಂದು ಸಿನಿಮಾದ ಡಿಸ್ಕು ಕಳಿಸಿದರು. ಇಂಗ್ಲಿಷಿನದು, ಇದೇ ಗುದ್ದಾಟದ ಆಟದ ಕಥೆ. ಬಟ್ಟೆ ಒಗೆಯುವ ಅಂಗಡಿಯ ಹುಡುಗಿಯೊಬ್ಬಳು ಚಕ್ರದ ಬೂಟು ಹಾಕಿಕೊಂಡು ಆಡಲು ಹೋಗುತ್ತಾಳೆ. ಅವಳಪ್ಪ ಬೇಡ ಅನ್ನುತ್ತಾನೆ, ಕೊನೆಯ ಆಟದ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತು ಅವನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ. ‘ಅಸಲಿ ಡಿಸ್ಕು, ಕಾಪಿ ಅಲ್ಲ. ಎಂಥಾ ಕ್ವಾಲಿಟಿ ಅಂದ್ರೆ ಬೆವರಿನ ಹನಿ ಸಹ ಕಾಣ್ತದೆ. ಅಪ್ಪಂಗೆ ದೊಡ್ಡ ಟಿವಿಯಲ್ಲೇ ತೋರ್ಸು’ ಎಂದು ಹೇಳಿ ಕಳಿಸಿದ್ದರಂತೆ. ಅಪ್ಪಿ ಫೋನಿನಲ್ಲಿ ಇಂಥ ಆಟ ತೋರಿಸಿದಾಗ ಅಳಿಯ ‘ಇರುವೆ ಓಡಾಡಿದ ಹಾಗೆ ಕಾಣ್ತದೆ’ ಎಂದು ಜಾರಿಕೊಂಡಿದ್ದ. ಈ ಸಲ ಜಾರಲು ದಾರಿ ಸಿಗಲಿಲ್ಲ. ‘ಸರಿ ಮಾರಾಯ್ತಿ, ಪೂರ್ತಿ ನೋಡ್ತೀನಿ. ನೋಡಿ ಆದ್ಮೇಲೆ ಹೇಳ್ತೀನಿ’ ಅಂದ. ಟೆಂಪೋ ಹೊರಡುವ ಹಿಂದಿನ ದಿನ ಸಂಜೆ ಸಿನಿಮಾ ಎಂದು ತೀರ್ಮಾನವಾಯಿತು.

ಇನ್ನು ನನ್ನ ಪಾಲು. ಹಲಸಿನ ಹಪ್ಪಳದ ಕಾಲ. ಕ್ವಾರ್ಟರ್ಸಿನ ತಾರಸಿಯ ಮೇಲೆ ಹಪ್ಪಳ ಹಾಕಿದರೆ ಕಾರ್ಗಲ್ಲಿನ ಕಾಗೆಗಳಿಗೆಲ್ಲ ಯಾರು ಹೇಳಿಕಳಿಸುತ್ತಾರೋ, ಕೊಡೆ ಬಿಡಿಸಿಕೊಂಡು ನಾನು ಹತ್ತುವಷ್ಟರಲ್ಲಿ ಬಂದು ಸಾಲಾಗಿ ಕೂತಿರುತ್ತವೆ. ಅದಕ್ಕೆ ನಮ್ಮ ಕಡೆ ಹಳೇ ಡಿಸ್ಕು ಕಟ್ಟುತ್ತೇವೆ. ಬಿಸಿಲಿಗೆ ಪಳಪಳ ಹೊಳೆದು, ಗಾಳಿಗೆ ತಿರುಗಿದರೆ ಕಾಗೆ ಹತ್ತಿರ ಸುಳಿಯುವುದಿಲ್ಲ. ನಡುವೆ ತೂತು ಇಟ್ಟಿರುವುದೇ ದಾರ ಪೋಣಿಸಲಿಕ್ಕೆ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಮಗಳು ಶಾಂತಲಾ ಟಿವಿ ಕಪಾಟು ಗುಡಿಸಿ, ಕೆಲಸಕ್ಕೆ ಬಾರದ ಡಿಸ್ಕುಗಳನ್ನು ‘ಅಮ್ಮ, ಇವು ನಿನ್ನ ಕಾಗೆಗೆ’ ಎಂದು ಒಂದು ತಟ್ಟೆಯಲ್ಲಿ ಹಾಕಿಟ್ಟಿದ್ದಳು. ಅಪ್ಪಿ ಟೀಚರ ಡಿಸ್ಕನ್ನು ಒಮ್ಮೆ ಹಾಕಿ ಪರೀಕ್ಷೆ ಮಾಡಿ, ಪೆಟ್ಟಿಗೆಗೆ ಹಾಕದೆ ಆ ತಟ್ಟೆಯ ಮೇಲೇ ಇಟ್ಟು ಕ್ಲಾಸಿಗೆ ಹೋದಳು. ನನಗೆ ಇಂಗ್ಲಿಷು ಓದಲು ಬರುವುದಿಲ್ಲ. ಬಂದಿದ್ದರೂ ಓದುತ್ತಿರಲಿಲ್ಲ. ಕಾಗೆ ಓಡಿಸುವ ಸಾಮಾನಿನ ಮೇಲೆ ಏನು ಬರೆದಿದೆ ಎಂದು ಯಾರು ನೋಡುತ್ತಾರೆ?

ಅಪ್ಪಿ ಮಧ್ಯಾಹ್ನ ಬಂದು, ಡಿಸ್ಕು ಹುಡುಕಿ, ತಾರಸಿ ಹತ್ತಿ, ಕೂಗಿದ ಕೂಗಿಗೆ ಕಾಗೆಗಳು ತಳಕಳಲೆ ಡ್ಯಾಮಿನವರೆಗೆ ಹಾರಿರಬೇಕು. ಅಷ್ಟು ಹೊತ್ತು ಅದು ಬಿಸಿಲಿನಲ್ಲಿ ಉಳಿದ ಡಿಸ್ಕುಗಳ ಜೊತೆ ಗಾಳಿಗೆ ಕಟಕಟ ಬಡಿದುಕೊಳ್ಳುತ್ತಿತ್ತು. ಇಳಿಸಿ ನೋಡಿದರೆ ಬೆಕ್ಕು ಪರಚಿದ ಹಾಗೆ ಗೀರು. ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ತೀನಿ ಕೊಡು ಎಂದೆ. ಕಸಿದುಕೊಂಡಳು. ಹಳೇ ಸೀರೆಯ ಮೆತ್ತನೆ ತುಂಡಿನಿಂದ ಒರೆಸುತ್ತ ಕೂತಳು. ಕಣ್ಣಲ್ಲಿ ನೀರಿತ್ತು, ಆದರೆ ಅಳಲಿಲ್ಲ. ‘ಅಜ್ಜಿ, ಅಪ್ಪಂಗೆ ಹೇಳ್ಬೇಡ. ಡಿಸ್ಕು ಸರಿ ಇಲ್ಲ ಅಂತ ಗೊತ್ತಾದ್ರೆ ಮುಂದಿನ ಸಲ ನೋಡೋಣ ಅಂತಾರೆ.’ ಬಾಯಿ ಮುಚ್ಚಿಕೊಂಡೆ. ನನಗೆ ಅದು ಎಷ್ಟು ಕಷ್ಟ ಎಂದು ಮೆಸ್ಸಿನಲ್ಲಿ ಉಂಡವರನ್ನು ಕೇಳಬೇಕು.

ಸಂಜೆ ಟಿವಿ ಎದುರಿಗೆ ನಾಲ್ವರೂ ಕೂತೆವು. ಇಂಥ ಟೆನ್ಶನ್ನಿನಲ್ಲಿ ನಾನು ಹೆರಿಗೆ ವಾರ್ಡಿನ ಹೊರಗೂ ಕೂತವಳಲ್ಲ. ಅಳಿಯ ಕೈಕಟ್ಟಿ ನೆಟ್ಟಗೆ ಕೂತಿದ್ದ. ಅಪ್ಪಿ ಪ್ಲೇಯರಿನ ಪಕ್ಕದಲ್ಲೇ ನೆಲದ ಮೇಲೆ ಕೂತು, ಕೆಳಗೆ ಬರುವ ಇಂಗ್ಲಿಷು ಅಕ್ಷರ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮೊದಲಿಗೆ ಟೀಚರು ಹೇಳಿದ್ದು ಸುಳ್ಳಲ್ಲ ಅನಿಸಿತು. ಬಟ್ಟೆ ಒಗೆಯುವ ಅಂಗಡಿಯ ಸೋಪಿನ ನೊರೆಯಲ್ಲಿ ಒಂದೊಂದು ಗುಳ್ಳೆ ಬೇರೆ ಬೇರೆ ಕಾಣುತ್ತಿತ್ತು. ಬಣ್ಣ ಅಂದರೆ ಈಗ ತಾನೇ ಗೋಡೆಗೆ ಹೊಡೆದ ಹಾಗೆ. ಡಿಸ್ಕಿನ ಪೆಟ್ಟಿಗೆಯ ಮೇಲೆ ನಗಿಸುವ ಸಿನಿಮಾ ಅಂತ ಬರೆದಿದೆಯಂತೆ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಪರದೆಯ ಮೇಲೆ ಹುಡುಗಿ ಜಾರಿ ಸೋಪಿನ ಬಕೇಟಿನೊಳಗೆ ಕೂತರೆ ನಾನು ಪ್ಲೇಯರಿನ ಕೆಂಪು ದೀಪವನ್ನೇ ನೋಡುತ್ತಿದ್ದೆ.

ಆಟ ಶುರುವಾಯಿತು ನೋಡಿ, ಅಲ್ಲಿಗೆ ನನ್ನ ಗೀರುಗಳೂ ಶುರುವಾದವು. ಚಿತ್ರ ಚೌಕಾಬಾರದ ಮನೆಗಳ ಹಾಗೆ ಚೌಕ ಚೌಕವಾಗಿ ಒಡೆಯಿತು. ಹುಡುಗಿಯ ತಲೆ ಒಂದು ಮನೆಯಲ್ಲಿ, ಕಾಲು ಇನ್ನೊಂದು ಮನೆಯಲ್ಲಿ. ಮಾತು ಮುಂದೆ ಹೋಯಿತು, ಬಾಯಿ ಹಿಂದೆ ಉಳಿಯಿತು. ‘ಎಂತದೇ ಇದು?’ ಅಂದ ಅಳಿಯ. ‘ಹಾಗೇ ತೆಗ್ದಿರೋದು ಅಪ್ಪ, ಸ್ಟೈಲು’ ಅಂದಳು ಅಪ್ಪಿ. ಸ್ವಲ್ಪ ದೂರ ಸರಿಹೋಯಿತು. ನಾನು ಉಸಿರು ಬಿಟ್ಟೆ. ಮತ್ತೆ ಹಾರಿತು. ಕೆಟ್ಟ ಡಿಸ್ಕಿನ ಗುಣ ನೋಡಿ: ಹುಡುಗಿ ಗೆದ್ದದ್ದೆಲ್ಲ ಹಾರಿಹೋಯಿತು, ಬಿದ್ದದ್ದೆಲ್ಲ ಸ್ಪಷ್ಟವಾಗಿ ಉಳಿಯಿತು. ಅಳಿಯನ ಕೈ ಕಟ್ಟಿದ್ದು ಬಿಚ್ಚಿ ಕುರ್ಚಿಯ ತೋಳು ಹಿಡಿದಿತ್ತು. ಆಮೇಲೆ ಹಚ್ಚೆ ಹಾಕಿಸಿಕೊಂಡ ಒಬ್ಬಳು ದಪ್ಪ ಹೆಂಗಸು ಬಂದು ನಮ್ಮ ಹುಡುಗಿಯ ಮುಖಕ್ಕೆ ಮೊಣಕೈ ಕೊಟ್ಟಳು. ಹುಡುಗಿ ನೆಲ ಬಿಟ್ಟು ಮೇಲಕ್ಕೆ ಎದ್ದಳು. ಟಕ್. ಅಲ್ಲೇ ನಿಂತಿತು.

ಅಪ್ಪಿ ಒತ್ತಿದಳು, ತೆಗೆದಳು, ಒರೆಸಿದಳು, ಮತ್ತೆ ಹಾಕಿದಳು. ಮತ್ತೆ ಅಲ್ಲಿಗೇ ಬಂದು ನಿಂತಿತು. ಗಾಳಿಯಲ್ಲಿ ಹುಡುಗಿ, ಗಲ್ಲಕ್ಕೆ ತಾಗಿದ ಮೊಣಕೈ. ಇರುವ ಜಾಗವನ್ನೆಲ್ಲ ಬಿಟ್ಟು ಗಲ್ಲಕ್ಕೆ! ಬೆವರಿನ ಹನಿ ಸಹ ಕಾಣುತ್ತಿತ್ತು, ಟೀಚರು ಹೇಳಿದ ಹಾಗೆಯೇ.

‘ಎದ್ಲಾ ಅವಳು?’ ಅಳಿಯನ ಸ್ವರ ಸಣ್ಣಗಿತ್ತು.

‘ಎದ್ಲು ಅಪ್ಪ. ಎದ್ದು ಗೆಲ್ತಾಳೆ. ಅವಳಪ್ಪ ಕೊನೆಗೆ...’

‘ತೋರ್ಸು.’

‘ಹೋಗ್ತಿಲ್ಲ ಮುಂದೆ.’

‘ಹಾಗಾದ್ರೆ ನಾನು ನೋಡಿದ ಹಾಗಾಯ್ತಾ?’

ನನಗೆ ತಡೆಯಲಾಗಲಿಲ್ಲ. ‘ಡಿಸ್ಕಿಂದು ಏನೂ ತಪ್ಪಿಲ್ಲ. ನಾನು ಹಪ್ಪಳದ ಮೇಲೆ ಕಟ್ಟಿದ್ದೆ’ ಎಂದುಬಿಟ್ಟೆ.

‘ಅತ್ತೆ, ಇದನ್ನ ಕಾಗೆಗೆ ಕಟ್ಟಿದ್ರಾ?’

‘ಕಾಗೆಗೆ ಯಾರು ಕಟ್ತಾರೆ? ಹಗ್ಗಕ್ಕೆ ಕಟ್ಟಿದ್ದು.’

ಶಾಂತಲಾ ಹಣೆ ಹಿಡಿದುಕೊಂಡಳು. ಅಳಿಯನ ಮುಖದಲ್ಲಿ ಒಂದು ಸಮಾಧಾನ ಮೂಡಿದ್ದನ್ನು ನಾನು ಕಂಡೆ. ದಾರಿ ಸಿಕ್ಕಿತ್ತು. ‘ಪಾಪ, ಯಾರದ್ದೂ ತಪ್ಪಲ್ಲ ಬಿಡು ಪುಟ್ಟಾ. ಬೇರೆ ಡಿಸ್ಕು ತರಿಸಿ, ಪೂರ್ತಿ ನೋಡಿ, ಮುಂದಿನ...’

ಅವನು ‘ಸಲ’ ಎನ್ನುವ ಮೊದಲೇ ಅಪ್ಪಿ ಎದ್ದು ಒಳಗೆ ಹೋದಳು. ಅಳಲಿಕ್ಕೆ ಹೋದಳು ಎಂದುಕೊಂಡೆ. ಬಂದಾಗ ತಲೆಗೆ ಹೆಲ್ಮೆಟ್ಟು, ಮೊಣಕಾಲು ಮೊಣಕೈಗೆ ಪ್ಯಾಡು, ಕಾಲಿಗೆ ಚಕ್ರದ ಬೂಟು. ಟೀಪಾಯಿಯನ್ನು ಗೋಡೆಗೆ ತಳ್ಳಿದಳು. ‘ಬಿದ್ದೋಳು ಏಳೋದು ನೋಡ್ಬೇಕು ತಾನೇ? ನೋಡಿ. ಅಮ್ಮ, ನನ್ನನ್ನ ಗುದ್ದು.’ ಶಾಂತಲಾ ‘ಹೋಗೇ’ ಅಂದಳು. ‘ಅಪ್ಪ?’ ಅವನು ಕುರ್ಚಿಯ ತೋಳನ್ನು ಇನ್ನೂ ಗಟ್ಟಿ ಹಿಡಿದ. ‘ಅಜ್ಜಿ, ನೀನು ಗುದ್ದು.’

‘ಎಲ್ಲಿಗೆ?’ ಎಂದು ಕೇಳಿ ಸೆರಗು ಸಿಕ್ಕಿಸಿದೆ.

‘ನಿನ್ನ ಸೊಂಟದಿಂದ. ಮೊಣಕೈ ಹಾಕಿದ್ರೆ ಫೌಲು.’

ಗ್ಯಾಸ್ ಸಿಲಿಂಡರನ್ನು ಸೊಂಟದಿಂದಲೇ ತಳ್ಳಿ ಮೂಲೆಗೆ ನಿಲ್ಲಿಸುತ್ತಿದ್ದವಳು ನಾನು. ಅವಳು ಬಾಗಿಲ ಕಡೆಯಿಂದ ಸರ್‍ರನೆ ಬಂದಳು. ಡಿಸ್ಕು ಹಾಳು ಮಾಡಿದ ಋಣವೆಲ್ಲ ಒಂದೇ ಏಟಿಗೆ ತೀರಲಿ ಎಂದು ಕೊಟ್ಟೆ. ಹುಡುಗಿ ಹಾರಿಬಿದ್ದಳು. ಪ್ಯಾಡು ನೆಲಕ್ಕೆ ಬಡಿದ ಸದ್ದು, ಆಮೇಲೆ ಜಾರಿದ ಸದ್ದು, ಆಮೇಲೆ ಏನೂ ಇಲ್ಲ. ಟಿವಿಯಲ್ಲಿ ಒಬ್ಬಳು ಗಾಳಿಯಲ್ಲಿ, ಟಿವಿಯ ಕೆಳಗೆ ಒಬ್ಬಳು ನೆಲದಲ್ಲಿ. ಮಗುವನ್ನು ಕೊಂದೆನಾ ಎಂದುಕೊಂಡೆ. ಅಳಿಯ ಕುರ್ಚಿಯಿಂದ ಅರ್ಧ ಎದ್ದು ಕೈ ಚಾಚಿದ್ದ. ಆ ಕೈ ಅವಳನ್ನು ಮುಟ್ಟುವ ಮೊದಲೇ ಅಪ್ಪಿ ಒಂದು ಮಂಡಿ ಊರಿ, ಕೈ ನೆಲಕ್ಕೆ ತಾಗಿಸದೆ, ಎದ್ದು ನಿಂತಿದ್ದಳು. ಅವನು ಅವಳ ಗಲ್ಲ ನೋಡಿದ. ಗಲ್ಲಕ್ಕೆ ಏನೂ ಆಗಿರಲಿಲ್ಲ. ಮೆಲ್ಲಗೆ ಕೂತುಕೊಂಡ.

‘ಅತ್ತೆ, ಇನ್ನೊಂದ್ಸಲ ಗುದ್ದಿ.’

‘ಯಾಕೆ?’

‘ನೋಡ್ಲಿಲ್ಲ. ಏಟು ಬೀಳುವಾಗ ಕಣ್ಣು ಮುಚ್ಚಿಬಿಟ್ಟೆ.’

ಎರಡನೇ ಸಲ ನನಗೆ ಸ್ವಲ್ಪ ಜಂಬ ಬಂದಿತ್ತು ಎನ್ನಬೇಕು. ಅವಳು ಬಂದಳು, ನಾನು ಪೂರ್ತಿ ಮೈಭಾರ ಹಾಕಿ ಸೊಂಟ ತಿರುಗಿಸಿದೆ. ಅವಳು ಒಂದು ಚೂರು ಪಕ್ಕಕ್ಕೆ ವಾಲಿ, ನನ್ನನ್ನು ದಾಟಿ ಹೋಗಿಯೇಬಿಟ್ಟಳು. ಅವಳ ಜಾಗವೇ ಅದು, ಸೀಳಿಕೊಂಡು ಹೋಗುವುದು. ನನ್ನ ಸೊಂಟ ಹೊರಟದ್ದು ಹೊರಟಿತ್ತು. ತಡೆಯುವವರಿಲ್ಲದೆ ಮೂಲೆಯವರೆಗೆ ಹೋಗಿ, ಒಣಗಿಸಿ ಸಂಜೆ ತಂದಿಟ್ಟ ಹಪ್ಪಳದ ಬುಟ್ಟಿಯೊಳಗೆ ಕೂತೆ. ಕಾಗೆಯಿಂದ ಉಳಿಸಿದ ಹಪ್ಪಳ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಮೊದಲು ನಕ್ಕವನು ಅಳಿಯ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನಗಿಸುವ ಸಿನಿಮಾ ಅಂತ ಬರೆದದ್ದು ಅಲ್ಲಿಗೆ ನಿಜವಾಯಿತು. ಅಪ್ಪಿ ನನ್ನನ್ನು ಎಳೆದು ಎಬ್ಬಿಸುತ್ತ, ‘ಕೈ ಊರ್ಬಾರ್ದು ಅಜ್ಜಿ, ಮುದುಡಿಕೊಂಡು ಬೀಳ್ಬೇಕು. ನಮಗೆ ಮೊದ್ಲು ಬೀಳೋದೇ ಹೇಳ್ಕೊಡ್ತಾರೆ’ ಅಂದಳು. ಅಳಿಯ ನಗು ನಿಲ್ಲಿಸಿ ಅವಳನ್ನೇ ನೋಡಿದ. ‘ಬೀಳೋದು ಹೇಳ್ಕೊಡ್ತಾರಾ? ಮೊದ್ಲೇ ಹೇಳ್ಬಾರ್ದಿತ್ತಾ?’ ಅಂದ. ಟೀಪಾಯಿಯನ್ನು ಅದರ ಜಾಗಕ್ಕೆ ಎಳೆಯುತ್ತ, ‘ಟೆಂಪೋ ಎಷ್ಟ್ ಹೊತ್ತಿಗೆ?’ ಎಂದು ಕೇಳಿದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಸಾಗರಕ್ಕೆ ಹೋದೆವು, ಅಪ್ಪ, ಮಗಳು, ನಾನು. ಡಿಸ್ಕು ಹಾಳು ಮಾಡಿದವಳೇ ವಾಪಸು ಕೊಡಬೇಕು, ಅದಕ್ಕೆ ನಾನು. ಬಸ್ಸು ಖಾಲಿ ಇತ್ತು. ನಾನು ನಿಂತುಕೊಂಡೇ ಹೋದೆ, ಕೂರುವ ಸ್ಥಿತಿ ಇರಲಿಲ್ಲ. ಟೆಂಪೋ ಹತ್ತಿರ ಅಳಿಯ ಯಾರನ್ನೂ ಕೇಳದೆ ಹೋಗಿ ಮುಂದಿನ ಸೀಟಿನಲ್ಲಿ ಕೂತ. ಟೀಚರು ಪೆಟ್ಟಿಗೆ ತೆಗೆದುಕೊಂಡು, ‘ಹೇಗಿತ್ತು ಅಜ್ಜಿ? ಕ್ವಾಲಿಟಿ ಒಳ್ಳೇದಿದೆ ಅಲ್ವಾ?’ ಅಂದರು.

‘ಒಳ್ಳೇದಿದೆ. ಗಾಳಿಗೆ ಚೆನ್ನಾಗಿ ತಿರುಗ್ತದೆ, ಬಿಸಿಲಿಗೆ ಹೊಳೀತದೆ. ಒಂದು ಕಾಗೇನೂ ಹತ್ರ ಬರ್ಲಿಲ್ಲ. ಸಿನಿಮಾ ಮಾತ್ರ ಅರ್ಧಕ್ಕೇ ನಿಲ್ತದೆ, ನಾನೇ ಹಾಳು ಮಾಡಿದ್ದು’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ನಿಂತಿದ್ದಾಗಲೇ ದಂಡಕ್ಕೆ ಇರಲಿ ಎಂದು ಹಪ್ಪಳದ ಪೊಟ್ಟಣವನ್ನು ಕೈಗೆ ಕೊಟ್ಟೆ. ಅವರು ಅದನ್ನು ಅಲ್ಲಾಡಿಸಿ ನೋಡಿದರು.

‘ಎಂತ ಅಜ್ಜಿ, ಎಲ್ಲಾ ಪುಡಿಪುಡಿ ಆಗಿದ್ಯಲ್ಲ?’

ಟೆಂಪೋ ಕಿಟಕಿಯಿಂದ ಅಪ್ಪಿ ನನ್ನನ್ನೇ ನೋಡುತ್ತಿದ್ದಳು.

‘ಬಸ್ಸಲ್ಲಿ ಭಾರೀ ರಶ್ಶು’ ಎಂದೆ.