ಮಾವನ ಹೆಬ್ಬೆರಳಿಗೆ ಸಾವಿರ ಅಡಿ

ನಮ್ಮ ಮಾವನವರು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆದರೂ ಪೈಲಟ್‌ಗಳಿಗೆ ಅವರಷ್ಟು ಬುದ್ಧಿ ಹೇಳಿದವರು ಅಥಣಿ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ!

ಕೃಷ್ಣೆಯ ದಂಡೆಯಲ್ಲಿ, ಕಬ್ಬಿನ ನಡುವೆ, ನಾಲ್ಕೇ ಮನೆಗಳ ವಸ್ತಿ ನಮ್ಮದು. ಆಗಾಗ ತರಬೇತಿಯ ಪುಟ್ಟ ವಿಮಾನಗಳು ಮೇಲೆ ಹಾದುಹೋಗುತ್ತವೆ. ಸದ್ದು ಕೇಳಿದ್ದೇ ತಡ, ಮಾವ ಉಣ್ಣುವ ರೊಟ್ಟಿ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ವಿಮಾನಕ್ಕೆ ಹೆಬ್ಬೆರಳು ಹಿಡಿದು ತೀರ್ಪು ಕೊಡುತ್ತಿದ್ದರು: "ಆರ್‌ನೂರ್ ಅಡಿನೂ ಇಲ್ಲ! ಎಮ್ಮಿ ಹಾಲ್ ಬತ್ತಿದ್ರ ಯಾರ್ ಜವಾಬ್ದಾರ್?" ಎಮ್ಮೆ ಮಾತ್ರ ಒಮ್ಮೆಯೂ ತಲೆ ಎತ್ತಿ ನೋಡಿದ್ದಿಲ್ಲ.

ಜನವಸತಿಯ ಮೇಲೆ ಸಾವಿರ ಅಡಿಗಿಂತ ಕೆಳಗೆ ಹಾರಬಾರದೆಂಬ ನಿಯಮವನ್ನು ಎಲ್ಲಿಂದಲೋ ಪತ್ತೆ ಹಚ್ಚಿ ಅರ್ಜಿ ಬರೆದರು. ಉತ್ತರವೂ ಬಂತು: ಆ ನಿಯಮ ಜನದಟ್ಟಣೆ ಇದ್ದಲ್ಲಿ ಮಾತ್ರ, ನಿಮ್ಮದು ಹೊಲ. ಹಾಗಾದರೆ ಎಷ್ಟು ಮಂದಿ ಸೇರಿದರೆ ದಟ್ಟಣೆ? ಅದನ್ನು ಯಾರೂ ಬರೆದಿರಲಿಲ್ಲ! "ಮತ್ತ ನಾವೇನ್ ಮಂದಿ ಅಲ್ಲೇನ್ರಿ?" ಎಂದು ಮಾವ ಕಾಗದ ತಂದ ಪೋಸ್ಟ್‌ಮನ್‌ನನ್ನೇ ತರಾಟೆಗೆ ತೆಗೆದುಕೊಂಡರು. ಪಾಪ, ಅವನು ಓಡಿಸುತ್ತಿದ್ದುದು ಸೈಕಲ್ಲು.

ಅಂದಿನಿಂದ ದಟ್ಟಣೆ ತಯಾರಿಸುವ ಕೆಲಸ ಶುರು. ವಿಮಾನದ ಸದ್ದಾದರೆ ಮಾವ ತಾಟು ಬಡಿಯುವುದು, ನಾಲ್ಕೂ ಮನೆಯವರು ನಮ್ಮ ಮಾಳಿಗೆ ಹತ್ತುವುದು! "ಒತ್ತಿ ನಿಲ್ರಿ! ಕೆಂಪ್ ಸೀರಿಯವ್ರು ಮುಂದ ಬರ್ರಿ!" ಬೇಸರಪಟ್ಟವರಿಗೆ ಚಹಾದ ಆಸೆ. ಚಹಾ ಕುದಿಸುವವಳು ಯಾರು? ಸೊಸೆಯಾದ ನಾನು!

ಆ ವರ್ಷ ಕೃಷ್ಣೆ ಉಕ್ಕಿದಳು. ರಸ್ತೆ ಮುಳುಗಿತು, ನೀರು ಹೊಸ್ತಿಲು ದಾಟಿತು. ನನಗೆ ಒಂಬತ್ತು ತಿಂಗಳು ತುಂಬಿತ್ತು, ಬೆಳಗಿನಿಂದ ನೋವು ಶುರುವಾಗಿತ್ತು. ಆ ಸೆಳವಿಗೆ ದೋಣಿ ಬರುವಂತಿರಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಹೆಲಿಕಾಪ್ಟರಿನ ಸದ್ದು. ಮಾವ ತಾಟು ಬಡಿದರು. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಕೆಂಪು ಸೀರೆಗಳು ಮುಂದೆ, ಉಳಿದವರು ಒತ್ತಾಗಿ ಹಿಂದೆ. ದಾಟಿ ಹೋಗುತ್ತಿದ್ದ ಹೆಲಿಕಾಪ್ಟರ್ ಹೊರಳಿ ಬಂತು. ಮಾವ ಹೆಬ್ಬೆರಳು ಎತ್ತಲಿಲ್ಲ. ಎರಡೂ ಕೈ ಜೋಡಿಸಿ, "ಇನ್ನೊಂದೀಟ ಕೆಳಗ ಬಾರೋ ನಮ್ಮಪ್ಪಾ, ಇನ್ನೊಂದೀಟ ಕೆಳಗ" ಎಂದು ಅಳುತ್ತಿದ್ದರು.

ಅಂದು ಸಂಜೆಯೇ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಆ ಪೈಲಟ್‌ನ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ಅವನಿಗೂ, ನಮ್ಮನ್ನು ಮಾಳಿಗೆ ಹತ್ತಿಸಿ ಹತ್ತಿಸಿ ರೂಢಿ ಮಾಡಿಸಿದ ಮಾವನಿಗೂ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೊನ್ನೆ ಒಂದು ವಿಮಾನ ತಲೆ ಸವರಿದಂತೆ ಹಾದುಹೋಯಿತು. ಅಜ್ಜನ ಹೆಗಲೇರಿದ್ದ ಮಗಳು ತನ್ನ ಪುಟ್ಟ ಹೆಬ್ಬೆರಳು ಎತ್ತಿ ಕೇಳಿದಳು, "ಅಜ್ಜಾ, ಎಷ್ಟ್ ಅಡಿ ಐತಿ?"

ಮಾವನೂ ಹೆಬ್ಬೆರಳು ಹಿಡಿದರು. ಎರಡೂ ಕಣ್ಣು ಮುಚ್ಚಿಕೊಂಡು ಹೇಳಿದರು, "ಎರಡ್ ಸಾವಿರಕ್ಕ ಕಡಿಮಿ ಇಲ್ಲವ್ವಾ."