ಎಷ್ಟು ಗಜಕ್ಕೆ ಗುರಿ?

ಒಂದು ಕೆಲಸ ಆಗಬಾರದೆಂದಿದ್ದರೆ ಅದನ್ನು ಬೇಡ ಎನ್ನಬಾರದು. ಬೇಡ ಎಂದವನನ್ನು ಜನ ಅನುಮಾನದಿಂದ ನೋಡುತ್ತಾರೆ. ‘ಆಗಲಿ, ಖಂಡಿತ ಮಾಡೋಣ, ಆದರೆ ಹೇಗೆ ಮಾಡೋಣ?’ ಎಂದು ನಾಲ್ಕು ಜನರ ಅಭಿಪ್ರಾಯ ಕೇಳಬೇಕು. ನಾಲ್ವರೂ ನಾಲ್ಕು ಹೇಳುತ್ತಾರೆ. ಆಮೇಲೆ ಆ ಕೆಲಸ ತಾನಾಗಿಯೇ ಕಪಾಟಿನ ಮೇಲೆ ಹೋಗಿ ಕೂರುತ್ತದೆ. ಶಿಕಾರಿಪುರದ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತನಾಗಿ ನಾನು ಕಲಿತ ವಿದ್ಯೆಗಳಲ್ಲಿ ಇದೇ ಮುಖ್ಯವಾದದ್ದು. ಕಚೇರಿಯಲ್ಲಿ ಇದನ್ನು ಸರ್ಕಾರದ ಹಿತಕ್ಕಾಗಿ ಬಳಸುತ್ತಿದ್ದೆ. ಸ್ವಂತ ಹಿತಕ್ಕೆ ಬಳಸಬೇಕಾಗಿ ಬಂದದ್ದು ಮಾವನವರು ನನಗೆ ತಮ್ಮ ರೈಫಲ್ಲನ್ನು ಕೊಟ್ಟ ವರ್ಷ.

ಮಾವನವರದು ಸೊರಬದ ಕಡೆಯ ಹಳ್ಳಿ. ಅವರ ಗದ್ದೆ ಮುಗಿದಲ್ಲಿಂದಲೇ ಕಾಡು ಶುರು. ಹರೆಯದಲ್ಲಿ ಸುತ್ತಲ ಹತ್ತೂರಿಗೆ ಒಳ್ಳೆಯ ಈಡುಗಾರರೆಂದು ಹೆಸರಾದವರು. ಈಗ ಮಂಡಿನೋವು ಬಂದು ಕೈಗೋಲು ಹಿಡಿದಿದ್ದರು. ಅದೇನು ತೋಚಿತೋ, ಒಂದು ದಿನ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿ ರೈಫಲ್ಲನ್ನು ತಂದು ನಮ್ಮ ಮನೆಯಲ್ಲಿಟ್ಟರು. “ಅಳಿಯಂದ್ರೇ, ಭತ್ತ ಹಾಲುಗಟ್ಟೋ ಹೊತ್ತಿಗೆ ಹಂದಿ ಇಳೀತವೆ. ಬಂದು ಒಂದೆರಡು ಈಡು ಹೊಡೀರಿ ಮಾರಾಯ್ರೆ” ಎಂದರು. ಹೆಣ್ಣು ಕೊಟ್ಟ ಮಾವ ಮತ್ತೊಂದು ಕೊಟ್ಟರೆ ಒಲ್ಲೆ ಎನ್ನುವುದು ಹೇಗೆ? ನಾನು ಎದೆಯುಬ್ಬಿಸಿ “ಆಗಲಿ ಮಾವ” ಎಂದೆ. ಎದೆ ಉಬ್ಬಿದ್ದು ಹೊರಗೆ ಮಾತ್ರ.

ನನ್ನ ಧೈರ್ಯದ ವಿಷಯ ಇಲ್ಲಿ ಎರಡು ಮಾತು ಹೇಳಬೇಕು. ದೀಪಾವಳಿಯಲ್ಲಿ ಎದುರುಮನೆಯವರು ದೊಡ್ಡ ಪಟಾಕಿಗೆ ಕಿಡಿ ತಾಗಿಸುವ ಹೊತ್ತಿಗೆ ಸರಿಯಾಗಿ ನನಗೆ ಹಿತ್ತಿಲ ಬಾವಿಯಲ್ಲಿ ನೀರೆಷ್ಟಿದೆ ಎಂದು ನೋಡುವ ಜವಾಬ್ದಾರಿ ನೆನಪಾಗುತ್ತದೆ. ಬಸ್ಸಿನ ಟೈರು ಒಡೆದ ಸದ್ದಿಗೆ ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಪರಿಚಿತರನ್ನು ತಬ್ಬಿಕೊಂಡಿದ್ದೇನೆ. ಇಂಥವನ ಮನೆಯ ಮೂಲೆಯಲ್ಲಿ ರೈಫಲ್ಲು ಬಂದು ನಿಂತರೆ ಹೇಗಿರಬೇಡ? ಆ ಕಡೆಯ ಗೋಡೆಗೆ ತಗಲಿಹಾಕಿದ್ದ ನನ್ನ ಅಂಗಿಯನ್ನೂ ಈ ಕಡೆಯ ಗೋಡೆಗೆ ವರ್ಗ ಮಾಡಿದೆ. ಭಯವನ್ನು ಹೆಂಡತಿಯ ಮುಂದೆ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಅಷ್ಟು ದೊಡ್ಡ ಈಡುಗಾರರ ಮಗಳು ಅವಳು.

ನನ್ನ ಪಾಲಿನ ದೇವರೆಂದರೆ ಆ ರೈಫಲ್ಲಿನ ನಳಿಗೆಯ ಮೇಲೆ, ಕಣ್ಣಿಗೆ ಹತ್ತಿರದ ತುದಿಯಲ್ಲಿ, ಗುರಿ ನೋಡಲು ಇರುವ ಕಚ್ಚು. ಅದು ಸಡಿಲವಾಗಿ, ರಿಪೇರಿಯಾಗಿ ಬಂದಿತ್ತು. ಹಾಗೆ ರಿಪೇರಿಯಾದ ಮೇಲೆ ಇಂತಿಷ್ಟು ದೂರಕ್ಕೆ ಎಂದು ಗುರಿ ಕಟ್ಟಬೇಕಂತೆ. ಅಂದರೆ ಆ ದೂರದಲ್ಲಿ ಒಂದು ಗುರುತಿಟ್ಟು ಹೊಡೆದು, ಕಣ್ಣು ನೋಡಿದ ಕಡೆಗೇ ಗುಂಡು ಹೋಗುವವರೆಗೆ ಕಚ್ಚನ್ನು ಅತ್ತಿತ್ತ ಸರಿಸಬೇಕು. ಅಲ್ಲಿಯವರೆಗೆ ಶಿಕಾರಿಯ ಮಾತಿಲ್ಲ. ಸರಿ, ಎಷ್ಟು ದೂರಕ್ಕೆ? ನನ್ನ ವಿದ್ಯೆ ತಾನಾಗಿ ಎದ್ದು ಕೂತಿತು. ನಾನು ಅಭಿಪ್ರಾಯ ಕೇಳತೊಡಗಿದೆ.

ಮೊದಲು ಕೇಳಿದ್ದು ನಮ್ಮ ಮನೆಯ ಮಾಲೀಕರಾದ ಸುಬೇದಾರ್ ಹನುಮಂತಪ್ಪನವರನ್ನು. ಯುದ್ಧಕಾಲದಲ್ಲಿ ಪಲ್ಟನ್ನಿನಲ್ಲಿದ್ದು ಬಂದವರು. ಬಾಡಿಗೆಯ ಮನೆಯ ಹಂಚು ಸೋರುತ್ತದೆ ಎಂದರೂ ಸೆಲ್ಯೂಟ್ ಹೊಡೆದು ಹೇಳಬೇಕೇನೋ ಅನ್ನಿಸುವಂಥ ಮೀಸೆ. “ಇನ್ನೂರು ಗಜ!” ಎಂದು ಗುಡುಗಿದರು. “ರೈಫಲ್ ಅಂದ್ರೆ ಏನಂತ ತಿಳಿದೀರಿ ಗುಮಾಸ್ತರೇ? ಇನ್ನೂರು ಗಜಕ್ಕೆ ಕಮ್ಮಿ ಕಟ್ಟಿದ್ರೆ ಅದಕ್ಕೇ ಅವಮಾನ ಐತ್ರಿ. ನಮ್ಮ ಈ ಬಯಲಿನಾಗೆ ಅಷ್ಟು ದೂರ ಕಾಣಲ್ಲೇನು?” ಮಾವನವರಿಗೆ ಇದನ್ನು ತಿಳಿಸಿದ್ದೇ ತಡ, ಅವರು ಉರಿದುಹೋದರು. “ಎಂತ ಇನ್ನೂರು ಗಜ? ನಮ್ಮ ಕಾಡಲ್ಲಿ ಮೂವತ್ತು ಗಜದ ಆಚೆ ಆನೆ ನಿಂತ್ರೂ ಕಾಣಲ್ಲ. ಮೂವತ್ತಕ್ಕೇ ಕಟ್ಟಬೇಕು. ಹಂದಿ ಎಂತ, ಇನ್ನೂರು ಗಜದಲ್ಲಿ ನಿಂತು ಅವರಿಗೆ ಕೈ ಮುಗಿತದ?”

ಇಷ್ಟಕ್ಕೆ ಮುಗಿಸಿದ್ದರೆ ನನ್ನ ಕೌಶಲವೇನು ಬಂತು? ಕಚೇರಿಯಲ್ಲೂ ವಿಷಯ ಇಟ್ಟೆ. ಶಿರಸ್ತೇದಾರರು ಮೂಗುಕನ್ನಡಕ ಸರಿಮಾಡಿಕೊಂಡು, “ನೀವು ಯಾವ ದೂರಕ್ಕಾದ್ರೂ ಕಟ್ಟಿ, ಹಂದಿಗೆ ಒಂದು ನೋಟೀಸು ಜಾರಿ ಮಾಡಿ ಆ ಜಾಗಕ್ಕೆ ಹಾಜರಾಗೋಕೆ ಹೇಳಿ” ಎಂದರು. ಮೋಜಣಿಯವರು ಸರಪಳಿ ತಂದು ಅಳೆದುಕೊಡುವ ಭರವಸೆ ಕೊಟ್ಟರು. ಇನ್ನೊಬ್ಬರು, ಸರ್ಕಾರ ಗಜವನ್ನೇ ತೆಗೆದು ಮೀಟರು ತರುತ್ತದಂತೆ ಎಂಬ ಸುದ್ದಿ ಹೇಳಿದರು. ಅವರನ್ನು ಎತ್ತಿ ಮುದ್ದಾಡಬೇಕೆನ್ನಿಸಿತು. ಮನೆಗೆ ಬಂದವನೇ, “ಮೀಟರು ಬರೋವರೆಗೆ ಕಾಯೋದು ಒಳ್ಳೇದೇನೋ” ಎಂದೆ. ನನ್ನಾಕೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, “ಹಂದಿಗಳೂ ಅದಕ್ಕೇ ಕಾಯ್ತಿದಾವೆ ಅಂತ ಕಾಣ್ತದೆ” ಎಂದಳು.

ಆದರೆ ನನ್ನ ವಿದ್ಯೆಯಲ್ಲಿ ಒಂದು ದೋಷವಿತ್ತು. ಕಚೇರಿಯಲ್ಲಿ ಅಭಿಪ್ರಾಯ ಕೊಟ್ಟವರು ಕೊಟ್ಟು ಮರೆಯುತ್ತಾರೆ. ಈ ಇಬ್ಬರು ಮುದುಕರು ಮರೆಯಲಿಲ್ಲ. ಸುಬೇದಾರರು ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ನಮ್ಮ ಬಾಗಿಲಿಗೆ ಬಂದು, “ಇನ್ನೂರೇ ಅಲ್ರೀ?” ಎನ್ನುವರು. ಸೊರಬದ ಬಸ್ಸಿನಲ್ಲಿ ಬಂದ ಪರಿಚಯದವರೆಲ್ಲ “ಮೂವತ್ತಂತೆ, ಮಾವ ಹೇಳಿ ಕಳಿಸಿದ್ರು” ಎನ್ನುವರು. ಒಬ್ಬರು ಹೆಣ್ಣು ಕೊಟ್ಟವರು, ಇನ್ನೊಬ್ಬರು ಮನೆ ಕೊಟ್ಟವರು. ಯಾರ ಮಾತು ಮೀರಿದರೂ ನನಗೆ ನಿಲ್ಲಲು ನೆಲೆಯಿಲ್ಲ. ಗುಂಡಿನ ಹೆದರಿಕೆಯ ಜೊತೆಗೆ ಈಗ ಇದೂ ಸೇರಿ ನನಗೆ ಊಟ ರುಚಿಸದಾಯಿತು.

ಕೊನೆಗೆ ಒಂದು ಭಾನುವಾರ ಮಾವನವರೇ ಮೊದಲ ಬಸ್ಸಿಗೆ ಬಂದಿಳಿದರು. ಅಳಿಯನಿಗೆ ಹೇಳಿಕೊಟ್ಟು ಬರುತ್ತೇನೆಂದು ಅತ್ತೆಯವರಿಗೆ ಹೇಳಿ ಹೊರಟಿದ್ದರಂತೆ. ಸುಬೇದಾರರು ಆಗಲೇ ಬೂಟು ಹಾಕಿ ಸಿದ್ಧರಾಗಿದ್ದರು. ನನ್ನಾಕೆ ಒಂದು ಹಳೆಯ ಮೊರಕ್ಕೆ ಸಗಣಿ ಸಾರಿಸಿ, ನಡುವೆ ದೊಡ್ಡದಾಗಿ ಸುಣ್ಣದ ಬೊಟ್ಟಿಟ್ಟು ಕೊಟ್ಟಳು. ಉಡುತಡಿಯ ದಾರಿಯಲ್ಲಿ ಊರು ದಾಟಿದ ಮೇಲೆ ಒಂದು ಬೋಳುಗುಡ್ಡವಿದೆ. ದನಕರು ಜನ ಯಾರೂ ಇಲ್ಲವೆಂದು ನೋಡಿಕೊಂಡು ಅದರ ಬುಡದಲ್ಲಿ ಮೊರ ನಿಲ್ಲಿಸಿದೆವು. ಮೂವತ್ತು ಗಜವೆಂದು ಮಾವನವರು ನಿಂತರು. ನಿಂತವರು ಕೈಗೋಲನ್ನು ನನ್ನ ಕೈಗೆ ಕೊಟ್ಟು ರೈಫಲ್ಲನ್ನು ತಾವು ತೆಗೆದುಕೊಂಡರು. ಮಂಡಿನೋವು ಎಲ್ಲಿ ಹೋಯಿತೋ ತಿಳಿಯದು. “ಮೊದಲು ನಾನು ಕಟ್ಟಿ ಕೊಡ್ತೆ. ಆಮೇಲೆ ನೀವು ಹೊಡೀರಿ” ಎಂದರು. ನಾನು ಲೈಸೆನ್ಸುದಾರನ ಗಾಂಭೀರ್ಯದಿಂದ ಹಿಂದೆ ಹೋಗಿ ಒಂದು ಮುತ್ತುಗದ ಮರದ ಮರೆಗೆ ನಿಂತೆ.

ಮೊದಲನೆಯ ಗುಂಡು ಮೊರದ ಅಂಚು ಹರಿಯಿತು. ಮಾವನವರು ಕಚ್ಚನ್ನು ಮೆಲ್ಲಗೆ ಬಡಿದು ಸರಿಸಿದರು, ಮತ್ತೆ ಹೊಡೆದರು, ಮತ್ತೆ ಸರಿಸಿದರು. ಕೊನೆಗೆ ಗುಂಡು ಸುಣ್ಣದ ಬೊಟ್ಟಿನ ನಡುವೆಯೇ ತೂರಿತು. ಅವರ ಮುಖ ಹಬ್ಬದ ಹುಡುಗನ ಹಾಗೆ ಅರಳಿತು. ಸುಬೇದಾರರು ಮಾತ್ರ ಮೀಸೆಯಡಿಯಲ್ಲೇ ನಕ್ಕರು. “ಗೌಡ್ರೇ, ಇಷ್ಟು ಹತ್ತಿರಕ್ಕೆ ಬಂದ ಹಂದಿನ ನಿಮ್ಮ ಕೋಲಿನಾಗೇ ಹೊಡೀಬಹುದಿತ್ತಲ್ರೀ.”

“ನಿಮ್ಮ ಇನ್ನೂರು ಗಜದಲ್ಲಿ ನಿಂತದ್ದು ಹಂದಿಯೋ ನಿಮ್ಮೂರ ಪಟೇಲನೋ ಹೆಂಗೆ ಗೊತ್ತಾಗ್ತದೆ?” ಎಂದರು ಮಾವ.

ಸುಬೇದಾರರಿಗೆ ರೋಷ ಬಂತು. ಮೊರ ಅಲ್ಲೇ ಇರಲೆಂದು, ತಾವೇ ಹಿಂದಕ್ಕೆ ದಾಪುಗಾಲು ಹಾಕುತ್ತಾ ಎಣಿಸುತ್ತಾ ನಡೆದರು. ನಾವೂ ಹಿಂದೆ ಹೋದೆವು. ಅಲ್ಲಿಂದ ಮೊರವೆಂಬುದು ಒಂದು ಕರಿಮಚ್ಚೆ. “ಈಗ ನೋಡ್ರಿ, ನೀವು ಕಟ್ಟಿದ ಗುರಿ ಎಲ್ಲಿಗೆ ಹೋಗಿ ಬೀಳ್ತೈತಿ ಅಂತ” ಎಂದು ರೈಫಲ್ಲು ಹಿಡಿದು ಮಲಗಿದರು. ಗುರಿ ತಪ್ಪಿದರೆ ಮಾವನವರಿಗೆ ಜನ್ಮದ ಅವಮಾನ. ಅವರ ಮರ್ಯಾದೆ ಉಳಿಸಲು ನಾನು ಮೂವತ್ತೇ ಎಂದರೆ, ತಿಂಗಳು ತುಂಬುವ ಮೊದಲು ಬೇರೆ ಮನೆ ಹುಡುಕಬೇಕು. ಕಿವಿಗೆ ಬೆರಳಿಟ್ಟುಕೊಂಡು ಮನೆದೇವರಿಗೆ ಹರಕೆ ಹೊತ್ತೆ. ಗುಂಡು ಹಾರಿತು. ಹತ್ತಿರ ಹೋಗಿ ನೋಡಿದರೆ, ಸುಣ್ಣದ ಬೊಟ್ಟಿನಲ್ಲೇ, ಮೊದಲಿನ ತೂತಿನ ಪಕ್ಕದಲ್ಲಿ ಇನ್ನೊಂದು ತೂತು!

ನಂಬಿಕೆ ಬಾರದೆ ಸುಬೇದಾರರು ನಮ್ಮನ್ನೂ ಕರೆದುಕೊಂಡು ಹಿಂದಿರುಗಿ ಹೋಗಿ ಇನ್ನೊಂದು ಹೊಡೆದರು. ಅದೂ ಅಲ್ಲೇ. ಆಗ ಅವರು ಹಣೆ ತಟ್ಟಿಕೊಂಡರು. “ಹೌದಲ್ರೀ! ಪಲ್ಟನ್ನಿನಾಗೆ ಹೇಳಿಕೊಟ್ಟಿದ್ರು, ಮರ್ತೇಬಿಟ್ಟಿದ್ದೆ. ನಳಿಗೆ ಕಣ್ಣಿಗಿಂತ ಕೆಳಗೆ ಇರ್ತೈತಿ. ಗುಂಡು ಏರ್ತಾ ಹೋಗಿ ನೋಟದ ಗೆರೇನ ಹತ್ತಿರದಾಗೆ ಒಮ್ಮೆ ದಾಟ್ತೈತಿ. ಮೇಲೆ ಹೋಗಿ ಇಳಿಯೋವಾಗ ದೂರದಾಗೆ ಇನ್ನೊಮ್ಮೆ ದಾಟ್ತೈತಿ. ಈ ರೈಫಲ್ಲಿಗೆ ಮೂವತ್ತಕ್ಕೆ ಕಟ್ಟಿದ್ರೆ ಇನ್ನೂರಕ್ಕೂ ಕಟ್ಟಿದಂಗೇ!” ನನಗೆ ಇದು ಚೆನ್ನಾಗಿ ಅರ್ಥವಾಯಿತು. ಜಮಾಬಂದಿಗೆ ಹೋಗುವ ಸಾಹೇಬರು ಹೋಗುವಾಗೊಮ್ಮೆ ಬರುವಾಗೊಮ್ಮೆ ನಮ್ಮ ಬೀದಿಯಲ್ಲೇ ಹಾಯುವುದಿಲ್ಲವೇ, ಹಾಗೆ. ಮಾವನವರು “ನಾನು ಹೇಳಿದ್ದೂ ಅದೇ ಮಾರಾಯ್ರೆ” ಎಂದರು. ಸುಬೇದಾರರು “ನಾನು ಮೊದಲಿನಿಂದ ಅಂದಿದ್ದೂ ಅದನ್ನೇ” ಎಂದರು. ಇಬ್ಬರೂ ಒಬ್ಬರ ಭುಜದ ಮೇಲೊಬ್ಬರು ಕೈ ಹಾಕಿಕೊಂಡರು. ನನ್ನ ಮನೆಯೂ ಉಳಿಯಿತು, ಮನೆಯಾಕೆಯೂ ಉಳಿದಳು.

“ಈಗ ಅಳಿಯಂದ್ರು ಒಂದು ಹೊಡೀಲಿ” ಎಂದು ಮಾವನವರು ತೋಟಾದ ಚೀಲಕ್ಕೆ ಕೈ ಹಾಕಿದರು. ನಾನು ಮುತ್ತುಗದ ಮರ ಎಷ್ಟು ದೂರವಿದೆ ಎಂದು ನೋಡಿಕೊಂಡೆ. ಅವರು ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಅಡಿಕೆ ಹೋಳು ಬಿತ್ತು. ಖಾಲಿ ಚೀಲ ನೋಡಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. “ಅಯ್ಯೋ, ಛೆ!” ಎಂದೆ, ಆದಷ್ಟು ಜೋರಾಗಿ.

ಮನೆಗೆ ಬಂದು ಅವರಿಬ್ಬರೂ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು, ಬರುವ ಶನಿವಾರ ಸೊರಬದ ಕಾಡಿಗೆ ಜೊತೆಯಾಗಿ ಹೋಗುವ ಮಾತಾಡುತ್ತಿದ್ದರು. ನಾನು ಒಳಗೆ ಕಾಫಿ ಕುಡಿಯುತ್ತಾ, “ಪಾಪ, ನಾನು ಹೊಡೆಯೋದು ನೋಡಬೇಕು ಅಂತ ಮಾವನವರಿಗೆ ಎಷ್ಟು ಆಸೆಯಿತ್ತೋ” ಎಂದೆ. ನನ್ನಾಕೆ ಸೆರಗು ಬಾಯಿಗೆ ಒತ್ತಿ ನಕ್ಕಳು.

“ನಿಮಗೆ ಎಂತಕ್ಕೆ ಕೊಟ್ಟದ್ದು ಅಂತ ಮಾಡಿದೀರಿ? ಈ ವಯಸ್ಸಲ್ಲಿ ಶಿಕಾರಿ ಬೇಡ, ಕೋವಿ ಮನೇಲೇ ಇರಬಾರದು ಅಂತ ಅವ್ವ ಹಟ ಹಿಡಿದ್ಲು. ಮಾರಿದ್ರೆ ಕೈ ತಪ್ತದೆ. ಅಣ್ಣಂಗೆ ಕೊಟ್ರೆ ಅವನೇ ಹೊಡೀತಾ ಕೂರ್ತಾನೆ, ತಿರುಗಿ ಕೈಗೆ ಕೊಡಲ್ಲ. ನೀವಾದ್ರೆ ಮುಟ್ಟಲ್ಲ, ಬೇಕಾದಾಗ ಬಂದು ಹೊಡೀಬಹುದು ಅಂತ ಅಪ್ಪಯ್ಯ ಯೋಚನೆ ಮಾಡಿದ್ದು.”

“ಮುಟ್ಟಲ್ಲ ಅಂತ ಅವರಿಗೆ ಹೇಗೆ ಗೊತ್ತು?”

“ನೀವು ನನ್ನ ನೋಡಕ್ಕೆ ಬಂದ ದಿನ ನಮ್ಮನೆ ನಾಯಿ ಬೊಗಳಿದ್ದಕ್ಕೆ ಉಪ್ಪಿಟ್ಟಿನ ತಟ್ಟೆ ಸಮೇತ ಮಂಚ ಹತ್ತಿ ನಿಂತಿದ್ರಲ್ಲ, ಅವತ್ತೇ. ಅಪ್ಪಯ್ಯ ಒಳಗೆ ಬಂದು ಅವ್ವಂಗೆ ಹೇಳಿದ್ರು: ಈ ಹುಡುಗನೇ ಆಗಲಿ, ಇವನಿಂದ ಯಾರಿಗೂ ಅಪಾಯ ಇಲ್ಲ ಅಂತ.”

ನನಗೆ ಸಿಟ್ಟು ಬರಬೇಕಾಗಿತ್ತು. ಸ್ವಲ್ಪ ಬಂತು ಕೂಡ. ಆದರೆ ಅದಕ್ಕಿಂತ ಮೊದಲೇ, ಇನ್ನು ಜನ್ಮದಲ್ಲಿ ಗುಂಡು ಹೊಡೆಯುವ ಪ್ರಸಂಗವಿಲ್ಲ ಎಂಬ ನೆಮ್ಮದಿ ಬಂದು ಎದೆಯ ತುಂಬ ಕೂತುಬಿಟ್ಟಿತ್ತು. ಅಷ್ಟರಲ್ಲಿ ಜಗುಲಿಯಿಂದ ಮಾವನವರ ದನಿ ಕೇಳಿತು: “ಅಳಿಯಂದ್ರೇ, ಕೋವಿ ಒಂಚೂರು ಒರೆಸಿಡಿ.” ನಾನು ಧೈರ್ಯವಾಗಿ ಎದ್ದು ಹೋಗಿ ಒರೆಸಿದೆ. ತೋಟಾ ಇಲ್ಲದ ಕೋವಿಗೆ ಹೆದರುವವನು ನಾನಲ್ಲ. ಆದರೂ, ಒಂದು ಕೈಯಿಂದ ಒರೆಸುವಾಗ ಇನ್ನೊಂದು ಕೈಯ ಬೆರಳು ಕಿವಿಯಲ್ಲೇ ಇತ್ತೆಂದು ನನ್ನಾಕೆ ಹೇಳುತ್ತಾಳೆ.