ಹಳೆಯದು ಮೇಲೆ, ಹೊಸದು ಕೆಳಗೆ

ಕಾಶಿಗೆ ವರ್ಗವಾಗಿ ಬಂದು ಒಂಬತ್ತು ವರ್ಷ. ಕಂಪ್ಯೂಟರಿನ ಫೋಲ್ಡರ್ ಹೇಗೆ ಕಾಣಬೇಕು ಅಂತ ಯಾರಾದರೂ ಸೆಟ್ಟಿಂಗಿಗೆ ಕೈ ಹಾಕಿದರೆ ಸಾಕು, ಪೆಟ್ಟು ನನಗೇ ಬೀಳುತ್ತದೆ. ಬಹಳ ಸಲ ಕೈ ಹಾಕಿದವನೂ ನಾನೇ.

ಬಾಲ

ನಮ್ಮ ಬಡೇಬಾಬು, ಅಂದರೆ ಹೆಡ್ ಕ್ಲರ್ಕು, "ಯಾವುದು ಪತ್ರ, ಯಾವುದು ಫೋಟೊ, ಒಂದೂ ತಿಳಿಯೋದಿಲ್ಲ" ಅಂದರು. ಫೈಲಿನ ಜಾತಿ ಹೆಸರಿನ ಕೊನೆಗೆ ಕಾಣುವ ಹಾಗೆ ಮಾಡಿಕೊಟ್ಟೆ. ಪ್ರತಿ ಹೆಸರಿಗೂ ಒಂದು ಚುಕ್ಕೆ, ಮೂರು ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿಕೊಂಡವು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅವರು ಕೂತು ಆ ಬಾಲವನ್ನೆಲ್ಲ ಕಸವೆಂದು ಅಳಿಸಿದ್ದರು. ಬಾಲ ಹೋದದ್ದೇ ಒಂದು ಫೈಲೂ ತೆರೆದುಕೊಳ್ಳಲಿಲ್ಲ.

ಇಲ್ಲಿನ ಲಂಕಾ ಬಡಾವಣೆಯಿಂದ ಬಂದ ರಿಪೇರಿಯವನು "ಯಾರು ಮಾಡಿದ್ದು?" ಅಂದ.

ಬಡೇಬಾಬು ನನ್ನತ್ತ ಕೈ ತೋರಿಸಿದರು. "ಇವರು ಮುಟ್ಟೋ ಮೊದಲು ಬಾಲವೇ ಇರಲಿಲ್ಲ."

ಮೆಮೊ ನನಗೆ ಬಂತು.

ಗುಂಡುಗುಂಡು

ಅವ್ವ ತೀರಿಕೊಂಡ ಮೇಲೆ, ಅವಳು ಊರಿಂದ ನನಗೆ ಬರೆದಿದ್ದ, ಗೆದ್ದಲು ಹಿಡಿದ ಕಾಗದಗಳ ಫೋಟೊ ತೆಗೆದು ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಇಲ್ಲೇ ಬೆಳೆದ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. "ಚಿತ್ರಗಳು ದೊಡ್ಡದಾಗಿ ಕಾಣೋ ಹಾಗೆ ಮಾಡಮ್ಮ" ಅಂದೆ. ಮಾಡಿದಳು.

ಸ್ವಲ್ಪ ಹೊತ್ತಿಗೆ, "ಪಪ್ಪಾ, ಸಬ್ ಏಕ್ ಹೀ ಹೈ. ಎಲ್ಲ ಒಂದೇ ಥರ, ಗುಂಡುಗುಂಡು. ಒಂದು ಇಟ್ಟು ಬಾಕಿ ಡಿಲೀಟ್ ಮಾಡಿದೆ" ಅಂದಳು. ಅಳಿಸಿದ್ದು ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದ್ದಳು.

ಉಳಿದ ಒಂದನ್ನು ತೆರೆದೆ. ಅವ್ವ ಬರೆದಿದ್ದಳು: "ಕೂಸಿಗೆ ಕನ್ನಡ ಓದಾಕ ಕಲಿಸಿದಿಯಿಲ್ಲೋ?"

ತಳ

ಊರ ಕಡೆಗೆ ವರ್ಗ ಕೇಳಿದವರ ಅರ್ಜಿಗಳೆಲ್ಲ ಸಾಹೇಬರ ಕಂಪ್ಯೂಟರಿನಲ್ಲಿ ಒಂದೇ ಫೋಲ್ಡರಿನಲ್ಲಿವೆ. ಹೊಸದು ಮೇಲೆ, ಹಳೆಯದು ಕೆಳಗೆ. ಸಾಹೇಬರು ಮೇಲಿನ ಎರಡು ನೋಡಿ ಚಹಾಕ್ಕೆ ಏಳುತ್ತಿದ್ದರು. ಏಳು ವರ್ಷ ನನ್ನದು ತಳದಲ್ಲೇ ಕೊಳೆಯಿತು.

ಹೋದ ತಿಂಗಳು ಹೊಸ ಸಾಹೇಬರು ಬಂದರು. ಅವರು ಕೂರುವ ಮೊದಲೇ ನಾನು ಹೋಗಿ, ಹಳೆಯದು ಮೇಲೆ ಬರುವ ಹಾಗೆ ತಿರುಗಿಸಿಟ್ಟೆ. ಹೆಂಡತಿ ಅವತ್ತೇ ಪಾತ್ರೆ ಕಟ್ಟಲು ರಟ್ಟಿನ ಪೆಟ್ಟಿಗೆ ತಂದಳು.

ಸಾಹೇಬರು ನೋಡಿ ಮೆಚ್ಚಿದರು. "ಇದು ನ್ಯಾಯ. ಇನ್ನು ಇದನ್ನು ಯಾರೂ ಬದಲಿಸಕೂಡದು." ಆಮೇಲೆ ಮೇಲಿದ್ದ ನನ್ನ ಅರ್ಜಿಯ ತಾರೀಖು ಓದಿ ನಕ್ಕರು. "ಏಳು ವರ್ಷದ ಹಿಂದಿನದು! ಈ ಮನುಷ್ಯ ಯಾವಾಗಲೋ ಊರು ಸೇರಿರುತ್ತಾನೆ" ಅಂತ ಅಳಿಸಿಬಿಟ್ಟರು.

"ಸರ್, ಆ ಮನುಷ್ಯ ನಾನೇ" ಅಂದೆ.

"ಅರೆ! ಹಾಗಾದರೆ ಹೊಸದೊಂದು ಕೊಡಿ."

ಕೊಟ್ಟೆ. ಹೊಸದಲ್ಲವೇ, ನೇರ ತಳಕ್ಕೆ ಹೋಗಿ ಕೂತಿತು.